ವಿಷಯ: ಶಾಲಾ ಭಾಷಣ ಸಂಘದ ಸಭೆ ಮತ್ತು ಮನೆಯಲ್ಲಿ ತಯಾರಿ

ಮಾನ್ಯ ಪೋಷಕರಿಗೆ ನಮಸ್ಕಾರ.

ತಿಂಗಳ ಮೊದಲ ಮತ್ತು ಮೂರನೇ ಶನಿವಾರ, ಬೆಳಗಿನ ತರಗತಿ ಮುಗಿದ ಮೇಲೆ, ನಮ್ಮ ಪ್ರೌಢಶಾಲೆಯ ಭಾಷಣ ಸಂಘದ ಸಭೆ 70 ನಿಮಿಷ ನಡೆಯುತ್ತದೆ. ಕಳೆದ ಸಭೆಯ ಭಾಷಣಗಳನ್ನು ಕೇಳಿದ ಮೇಲೆ ತಮ್ಮಲ್ಲಿ ಒಂದು ಕೋರಿಕೆ: ದಯವಿಟ್ಟು ಮಕ್ಕಳಿಗೆ ಭಾಷಣ ಬರೆದುಕೊಡಬೇಡಿ. ಮೊಬೈಲಿನಲ್ಲಿ ಸಿಕ್ಕಿದ್ದನ್ನು ಇಳಿಸಿಯೂ ಕೊಡಬೇಡಿ.

ಸಭೆಯ ಕ್ರಮ ಹೀಗಿದೆ. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಅನಾದಲ್ಲಿ ರಾಲ್ಫ್ ಸ್ಮೆಡ್ಲಿ ಆರಂಭಿಸಿದ, ಸಭೆಯಲ್ಲಿ ಮಾತನಾಡುವುದನ್ನು ಅಭ್ಯಾಸ ಮಾಡಿಸುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿನ ಪದ್ಧತಿಯನ್ನು ನಮ್ಮ ಮಕ್ಕಳಿಗೆ ಹೊಂದುವಂತೆ ಸರಳ ಮಾಡಿಕೊಂಡಿದ್ದೇವೆ. ಅಲ್ಲಿ ತಯಾರಿ ಭಾಷಣಕ್ಕೆ ಸಾಮಾನ್ಯವಾಗಿ 5ರಿಂದ 7 ನಿಮಿಷ, ನಮ್ಮಲ್ಲಿ 3ರಿಂದ 4. ಸಮಯಪಾಲಕರು 3 ನಿಮಿಷಕ್ಕೆ ಹಸಿರು, ಮೂರೂವರೆಗೆ ಹಳದಿ, 4ಕ್ಕೆ ಕೆಂಪು ಕಾರ್ಡು ಎತ್ತುತ್ತಾರೆ. ಕೆಂಪು ತೋರಿಸಿದ 30 ಸೆಕೆಂಡಿನ ನಂತರ ಗಂಟೆ. ಐದು ತಯಾರಿ ಭಾಷಣ, ಆಮೇಲೆ ಚೀಟಿ ಎತ್ತಿ ಆಶುಭಾಷಣ, ಕೊನೆಗೆ ಪ್ರತಿ ಭಾಷಣಕ್ಕೂ ಸಹಪಾಠಿಯೊಬ್ಬರಿಂದ ಎರಡು ನಿಮಿಷದ ವಿಮರ್ಶೆ. ಇನ್ನೊಬ್ಬರು ‘ಆಂ...’, ‘ಅಂದ್ರೆ’, ‘ಏನಪ್ಪಾ ಅಂದ್ರೆ’ಗಳನ್ನು ಗೀಟು ಹಾಕಿ ಎಣಿಸುತ್ತಾರೆ. ಮಕ್ಕಳಿಗೆ ಅತಿ ಇಷ್ಟವಾದ ಕೆಲಸ ಇದೇ ಎಂದು ಬೇರೆ ಹೇಳಬೇಕಿಲ್ಲ.

ಕಳೆದ ಸಲ ಎಂಟನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಪ್ಲಾಸ್ಟಿಕ್ ಮಾಲಿನ್ಯದ ಮೇಲೆ ಎರಡೂವರೆ ಪುಟ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಮೂರನೇ ಪ್ಯಾರಾದ ಮೊದಲ ಪದ ಮರೆಯಿತು. ಮತ್ತೆ ಮೊದಲಿನಿಂದ ಶುರು ಮಾಡಿದಳು, ಅದೇ ಜಾಗದಲ್ಲಿ ಮತ್ತೆ ನಿಂತಳು. ಧೈರ್ಯ ಸಾಲದೆ ಹೀಗಾಯಿತು ಎಂದುಕೊಳ್ಳಬೇಡಿ. ಅರ್ಥ ಹಿಡಿಯದೆ ಸದ್ದನ್ನು ಮಾತ್ರ ಕಲಿತರೆ ಒಂದು ಪದ ತಪ್ಪಿದೊಡನೆ ಮುಂದಿನದೂ ಹೋಗುತ್ತದೆ. ಬೇರೆಯವರ ವಾಕ್ಯವಾದ್ದರಿಂದ ತನ್ನ ಮಾತಿನಲ್ಲಿ ತುಂಬಿಕೊಳ್ಳಲೂ ಬರುವುದಿಲ್ಲ.

ಅದೇ ದಿನ ಒಂಬತ್ತನೇ ತರಗತಿಯ ಹುಡುಗ ತನ್ನ ಮನೆಯ ರೇಷ್ಮೆ ಹುಳುಗಳ ಬಗ್ಗೆ ಮಾತನಾಡಿದ. ಕೈಯಲ್ಲಿ ನಾಲ್ಕು ಸಾಲಿನ ಚೀಟಿ: ನಾಲ್ಕು ಜ್ವರ (ಹುಳು ತಿನ್ನುವುದನ್ನು ನಿಲ್ಲಿಸಿ ಪೊರೆ ಬಿಡುವ ಹಂತ), ಸೊಪ್ಪು, ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟೆ), ಮಾರುಕಟ್ಟೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿ ಅಲುಗದೆ ಇರುವುದನ್ನು ಕತ್ತು ನೀಡಿ ತೋರಿಸಿದ. ಸುಣ್ಣದ ಪುಡಿ ಏಕೆ ಉದುರಿಸುತ್ತಾರೆ, ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿ ಮನೆಯವರು ಏಕೆ ನಿದ್ದೆಗೆಡುತ್ತಾರೆ ಎಂಬುದನ್ನೂ ಹೇಳಿದ. ನಡುವೆ ಒಮ್ಮೆ ತಡವರಿಸಿದ, ಚೀಟಿ ನೋಡಿದ, ಮುಂದುವರಿಸಿದ. ರಾಮನಗರದ ಗೂಡಿನ ಮಾರುಕಟ್ಟೆಯ ಹರಾಜಿಗೆ ಬರುವಷ್ಟರಲ್ಲಿ ಹಿಂದಿನ ಬೆಂಚಿನವರೂ ಮಾತು ನಿಲ್ಲಿಸಿದ್ದರು.

ಅವನ ಭಾಷಣದಲ್ಲೂ ಒಂದು ದೋಷವಿತ್ತು, ನಮ್ಮ ಹೆಚ್ಚಿನ ಮಕ್ಕಳಲ್ಲಿ ಇರುವಂಥದ್ದೇ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ, ಉಸಿರು ಮುಗಿಯುವುದೂ ಅಲ್ಲೇ. ‘ಜ್ವರದಲ್ಲಿದ್ದಾಗ ಸೊಪ್ಪು ಹಾಕ...’ ಎಂದು ದನಿ ಇಳಿದರೆ ಹಾಕಬೇಕೋ ಹಾಕಬಾರದೋ ಕೇಳಿದವರಿಗೆ ತಿಳಿಯದು. ಮನೆಯಲ್ಲಿ ಇದನ್ನು ಪರೀಕ್ಷಿಸುವುದು ಸುಲಭ: ಮಗು ನಡುಮನೆಯಲ್ಲಿ ನಿಂತು ಹೇಳಲಿ, ನೀವು ಅಡುಗೆಮನೆಯಲ್ಲಿ ನಿಂತು ಪ್ರತಿ ವಾಕ್ಯದ ಕೊನೆಯ ಪದವನ್ನು ಮಾತ್ರ ಗಮನಿಸಿ. ಕೇಳಿಸದ ಕಡೆ ವಾಕ್ಯವನ್ನು ಎರಡಾಗಿ ಒಡೆಯಲು ಹೇಳಿ. ಗಟ್ಟಿಯಾಗಿ ಕೂಗು ಎಂದರೆ ಮೊದಲ ಪದ ಮಾತ್ರ ಜೋರಾಗುತ್ತದೆ.

ಪೀಠಿಕೆ ಚಿಕ್ಕದಿರಲಿ. ‘ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ನನ್ನ ನೆಚ್ಚಿನ ಗುರುವೃಂದದವರೇ...’ ಎಂದು ಹೊರಟರೆ 40 ಸೆಕೆಂಡು ಅಲ್ಲೇ ಹೋಯಿತು. (ಇದನ್ನು ಮಕ್ಕಳು ಕಲಿತದ್ದು ನಮ್ಮಂಥ ದೊಡ್ಡವರಿಂದಲೇ.) ‘ಎಲ್ಲರಿಗೂ ನಮಸ್ಕಾರ’ ಸಾಕು.

ತಯಾರಿಗೆ ಹತ್ತು ದಿನ ಇಟ್ಟುಕೊಳ್ಳಿ. ವಿಷಯ ಮಗು ಕಣ್ಣಾರೆ ಕಂಡದ್ದಾಗಿರಲಿ. ಬರೆಯುವ ಮೊದಲೇ ನಿಮಗೆ ಬಾಯಲ್ಲಿ ಹೇಳಲಿ. ನಿಮಗೆ ಅರ್ಥವಾಗದ ಕಡೆ ‘ಅದು ಹೇಗೆ?’ ಎಂದು ಕೇಳಿ. ಆ ಉತ್ತರಗಳೇ ಭಾಷಣದ ತಿರುಳು. ಆಮೇಲೆ ಚೀಟಿ. ಬಾಯಿಪಾಠವಾಗಬೇಕಾದ್ದು ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಮಾತ್ರ. ಬರೆದೇ ಕಲಿಯುತ್ತೇನೆಂದರೆ 350 ಪದ ಮೀರದಿರಲಿ, ಹೆಚ್ಚಾದರೆ ಸಮಯಕ್ಕಾಗಿ ಓಡುತ್ತಾರೆ. ದಿನಕ್ಕೆ ಎರಡು ಸಲ, ನಿಂತುಕೊಂಡು, ಮೊಬೈಲಿನ ಟೈಮರ್ ಹಾಕಿ ಅಭ್ಯಾಸ ಮಾಡಲಿ. ನಡುವೆ ತಿದ್ದಬೇಡಿ. ಮುಗಿದ ಮೇಲೆ ಚೆನ್ನಾಗಿದ್ದ ಒಂದು ಜಾಗ, ಸರಿಮಾಡಬೇಕಾದ ಒಂದು ಜಾಗ, ಇಷ್ಟೇ ಹೇಳಿ. ‘ಆಂ’ ಬರುವ ಕಡೆ ಬಾಯಿ ಮುಚ್ಚಿ ಒಂದು ಉಸಿರು ಎಳೆದುಕೊಳ್ಳಲು ಕಲಿಸಿ. ಆ ಮೌನ ಮಾತನಾಡುವವರಿಗೆ ಉದ್ದವೆನಿಸುತ್ತದೆ, ಕೇಳುವವರಿಗೆ ಗೊತ್ತೇ ಆಗುವುದಿಲ್ಲ.

ಮನೆಮಾತು ಉರ್ದು ಅಥವಾ ತೆಲುಗಾಗಿರುವ ಮಕ್ಕಳು, ‘ಹ’ಕಾರ ತಪ್ಪುವ ಮಕ್ಕಳು ಹಿಂಜರಿಯಬೇಕಿಲ್ಲ. ಉಚ್ಚಾರಣೆಯನ್ನು ಸಭೆಯಲ್ಲಿ ಎತ್ತಿ ಆಡುವಂತಿಲ್ಲವೆಂಬುದು ವಿಮರ್ಶಕರಿಗೆ ಹಾಕಿರುವ ನಿಯಮ. ಕನ್ನಡ ಶಿಕ್ಷಕರು ನಂತರ ಬೇರೆಯಾಗಿ ತಿದ್ದುತ್ತಾರೆ. ಉಗ್ಗುವ ಮಕ್ಕಳಿಗೆ ಕಾರ್ಡು, ಗಂಟೆ ಯಾವುದೂ ಇಲ್ಲ. ಅವರ ವಾಕ್ಯವನ್ನು ಮನೆಯಲ್ಲೂ ನೀವು ಮುಗಿಸಿಕೊಡಬೇಡಿ.

ಮುಂದಿನ ಸಭೆಗೆ ಹೆಸರು ಕೊಟ್ಟವರು ವಿಷಯದ ಚೀಟಿಯನ್ನು ಗುರುವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಲಿ. ಪೋಷಕರು ಬಂದು ಹಿಂದಿನ ಸಾಲಿನಲ್ಲಿ ಕೂರಬಹುದು. ಮಗು ಮರೆತು ನಿಂತರೆ ಅಲ್ಲಿಂದ ಪದ ಹೇಳಿಕೊಡುವುದು, ಸನ್ನೆ ಮಾಡುವುದು ಬೇಡ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು