ಪುಚ್ಚೆಗೆ ಸೊನ್ನೆ ಕೊಟ್ಟವಳ ಥ್ಯಾಂಕ್ಸ್

ಕಳೆದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಥೀಸಿಸ್‌ನಲ್ಲಿ ಕೃತಜ್ಞತೆಗೆ ಅಂತಲೇ ಒಂದು ಪುಟ ಇದೆ. ಇಂಗ್ಲಿಷ್‌ನಲ್ಲಿ ನೀಟಾಗಿ ಬರೆದಿದ್ದೇನೆ. ಆದರೆ ಯಾರಿಗೆ ಥ್ಯಾಂಕ್ಸ್ ಹೇಳಬೇಕೋ ಅವರಲ್ಲಿ ಅರ್ಧ ಜನ ಅದನ್ನು ಓದುವುದೇ ಇಲ್ಲ. ಅದಕ್ಕೇ ಇದು.

ನನ್ನದು ಹಾಸನದ ಕಡೆ. ಮಂಗಳೂರಿಗೆ ಹೋಗಿ ಸ್ಪೀಚ್ ಲ್ಯಾಂಗ್ವೇಜ್ ಪೆಥಾಲಜಿ, ಅಂದರೆ ಮಾತಿನ ತೊಂದರೆಗಳಿಗೆ ಚಿಕಿತ್ಸೆ ಕೊಡುವುದನ್ನು, ಓದುತ್ತೇನೆ ಅಂದಾಗ ಊರಲ್ಲಿ "ಭಾಷಣ ಮಾಡೋದು ಕಲಿಸ್ತಾರಾ?" ಅಂತ ಕೇಳಿದವರಿದ್ದಾರೆ. ಅಮ್ಮ ಈಗಲೂ ನೆಂಟರಿಗೆ "ಕಿವಿ ಡಾಕ್ಟ್ರು" ಅಂತಲೇ ಹೇಳುವುದು. ಕಿವಿ ಎಷ್ಟು ಕೇಳಿಸುತ್ತದೆ ಅಂತ ನೋಡುವವರು ಆಡಿಯಾಲಜಿಸ್ಟ್‌ಗಳು, ನಾನಲ್ಲ. ಡಾಕ್ಟರ್ ಅನ್ನುವ ಭಾಗ ಮಾತ್ರ ಕಳೆದ ವಾರದಿಂದ ಸ್ವಲ್ಪ ನಿಜವಾಗಿದೆ.

ನಾನು ಕೆಲಸ ಮಾಡುವುದು ಅಫೇಸಿಯಾ ಇರುವವರ ಜೊತೆ. ಸ್ಟ್ರೋಕ್ ಆಗಿ ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ಕೆಲವರಿಗೆ ಮಾತು ಕೈಕೊಡುತ್ತದೆ. ಬುದ್ಧಿ ಇದೆ, ಹೇಳಬೇಕಾದದ್ದು ಗೊತ್ತಿದೆ, ಪದ ಮಾತ್ರ ಸಿಗುವುದಿಲ್ಲ. ಮನೆಯವರು "ಇವರಿಗೆ ಏನೂ ಗೊತ್ತಾಗೋದಿಲ್ಲ" ಅಂತ ಅವರ ಎದುರೇ ಹೇಳುತ್ತಾರೆ. ಅವರು ಅದನ್ನು ಕೇಳಿಸಿಕೊಂಡು ಕೂತಿರುತ್ತಾರೆ.

ಮೊದಲ ಥ್ಯಾಂಕ್ಸ್ ವಾರ್ಡ್‌ನಲ್ಲಿ ನೆಲ ಒರೆಸುತ್ತಿದ್ದ ಅಕ್ಕನಿಗೆ. ಆಗ ನಾನು ಎಂಎಸ್ಸಿ. ಉಳ್ಳಾಲ ಕಡೆಯ ಒಬ್ಬ ಮೀನುಗಾರರಿಗೆ ಚಿತ್ರ ತೋರಿಸಿ ಹೆಸರು ಕೇಳುತ್ತಿದ್ದೆ. ಬೆಕ್ಕಿನ ಚಿತ್ರ ಬಂತು. ಅಣ್ಣ ಸುಮ್ಮನಾದರು. ಪದ ಸಿಗದಿದ್ದಾಗ ನಾವು ಮೊದಲ ಅಕ್ಷರ ಎತ್ತಿಕೊಡುತ್ತೇವೆ, ಅದಕ್ಕೆ ಕ್ಯೂ ಅನ್ನುತ್ತಾರೆ. "ಬೆ..." ಅಂದೆ. ಇಲ್ಲ. ಮತ್ತೆ "ಬೆ... ಬೆ..." ಅಂದೆ. ಅವರ ಹಣೆಯಲ್ಲಿ ಬೆವರು. ಅಕ್ಕ ಒರೆಸುವುದು ನಿಲ್ಲಿಸಿ, "ಅವರು ಮನೇಲಿ ಯಾವಾಗ ಬೆಕ್ಕು ಅಂದಿದ್ದಾರೆ ಮೇಡಂ?" ಅಂದರು. ಆಮೇಲೆ ಅಣ್ಣನ ಕಡೆ ತಿರುಗಿ "ಪು..." ಅಂದರು.

"ಪುಚ್ಚೆ!"

ತುಳುವಿನಲ್ಲಿ ಬೆಕ್ಕಿಗೆ ಪುಚ್ಚೆ ಅನ್ನುತ್ತಾರೆ. ನಾನು ಹಾಳೆಯಲ್ಲಿ ಸೊನ್ನೆ ಬರೆದೆ. ಉತ್ತರದ ಕಾಲಂನಲ್ಲಿ 'ಬೆಕ್ಕು' ಅಂತ ಇತ್ತಲ್ವಾ?

ಸಂಜೆ ನಮ್ಮ ಗೈಡ್ ಆ ಹಾಳೆ ನೋಡಿದರು. ಬೈಯಲಿಲ್ಲ. "ಈ ಸೊನ್ನೆ ಯಾರಿಗೆ ಕೊಟ್ಟಿದ್ದು? ಅವರಿಗಾ, ನಿನಗಾ?" ಅಂದರು. ಪಿಎಚ್‌ಡಿಗೆ ವಿಷಯ ಹುಡುಕುವುದು ಅಲ್ಲಿಗೆ ನಿಂತಿತು: ತುಳುವರಿಗೆ ತುಳುವಿನಲ್ಲೇ ಅಫೇಸಿಯಾ ಪರೀಕ್ಷೆ. ಥ್ಯಾಂಕ್ಯೂ ಮೇಡಂ. ಆ ದಿನ ಮಾತ್ರ ನಿಮ್ಮ ಮೇಲೆ ಸಿಟ್ಟು ಬಂದಿತ್ತು.

ಬಾಸ್ಟನ್ ನೇಮಿಂಗ್ ಟೆಸ್ಟ್ ಅಂತ ಒಂದಿದೆ, ಚಿತ್ರ ನೋಡಿ ಹೆಸರು ಹೇಳುವ ಅಮೆರಿಕದ ಪರೀಕ್ಷೆ, 60 ಚಿತ್ರಗಳದ್ದು. ಅದರಲ್ಲಿ ಇಗ್ಲೂ, ಅಂದರೆ ಹಿಮದ ಮನೆ, ಕೂಡ ಇದೆ. ಅದನ್ನು ನೋಡಿ ನಾವೆಲ್ಲ ನಗುತ್ತೇವೆ. ತುಳು ಬಾಯಿಗೆ ಕನ್ನಡದ ಕ್ಯೂ ಕೊಟ್ಟಾಗ ನಾನು ಮಾಡಿದ್ದೂ ಅಂಥದ್ದೇ, ಅವರ ಮನೆಯಲ್ಲಿಲ್ಲದ ಪದ ಕೇಳಿದ್ದು. ಅಫೇಸಿಯಾ ಪರೀಕ್ಷೆಗಳು ಕನ್ನಡಕ್ಕೆ ಬಂದಿವೆ, ಒಳ್ಳೆಯದೇ. ಆದರೆ ಇಲ್ಲಿ ಒಬ್ಬರೇ ಮನೆಯಲ್ಲಿ ತುಳು, ಆಫೀಸಿನಲ್ಲಿ ಕನ್ನಡ, ಪಕ್ಕದ ಮನೆಯವರ ಜೊತೆ ಕೊಂಕಣಿ ಅಥವಾ ಬ್ಯಾರಿ ಮಾತಾಡುತ್ತಾರೆ. ಇಂಥವರಿಗೆ ಸ್ಟ್ರೋಕ್ ಆದರೆ ಯಾವ ಭಾಷೆ ಮೊದಲು ವಾಪಸ್ ಬರುತ್ತದೆ? ಮೊದಲು ಕಲಿತದ್ದು ಉಳಿಯುತ್ತದೆ ಅಂತ 1880ರ ದಶಕದಲ್ಲಿ ರಿಬೋ ಅನ್ನುವ ಮನಶ್ಶಾಸ್ತ್ರಜ್ಞ ಹೇಳಿದ. ಜಾಸ್ತಿ ಬಳಸುತ್ತಿದ್ದದ್ದು ಮೊದಲು ಬರುತ್ತದೆ ಅಂತ 1895ರಲ್ಲಿ ಪಿತ್ರ್ ಅನ್ನುವ ವೈದ್ಯ ಹೇಳಿದ. ಇಬ್ಬರೂ ಫ್ರಾನ್ಸಿನವರು. ಇಬ್ಬರ ನಿಯಮವೂ ಎಲ್ಲರಿಗೂ ಹೊಂದುವುದಿಲ್ಲ.

ಪಿಜಿ ಆಂಟಿ, ನಿಮಗೆ ದೊಡ್ಡ ಥ್ಯಾಂಕ್ಸ್. ನನ್ನ ತುಳುವಿನ ಮೊದಲ ಮೇಷ್ಟ್ರು ಸ್ಟೇಟ್ ಬ್ಯಾಂಕ್ ಸ್ಟ್ಯಾಂಡಿಗೆ ಹೋಗುವ ಬಸ್ಸಿನ ಕಂಡಕ್ಟರ್. ಅವರಿಂದ "ಪಿರ ಪೋಲೆ" ಅಂದರೆ ಹಿಂದೆ ಹೋಗಿ ಅಂತ ಕಲಿತೆ. ಉಳಿದದ್ದೆಲ್ಲ ನಿಮ್ಮ ಅಡುಗೆಮನೆಯಲ್ಲಿ. ನೀರ್ ದೋಸೆ ಹುಯ್ಯುತ್ತಾ "ಯಾನ್ ಬತ್ತೆ", "ಆಯೆ ಬತ್ತೆ" ಅಂತ ಎಷ್ಟು ಸಲ ಹೇಳಿದಿರೋ. ನಾನು ಬಂದೆ, ಅವನು ಬಂದ. ಕನ್ನಡ ಅಕ್ಷರದಲ್ಲಿ ಬರೆದರೆ ಎರಡೂ 'ಬತ್ತೆ'. ಹೇಳುವಾಗ ಕೊನೆಯ ಸ್ವರ ಬೇರೆ. ಒಂದಕ್ಕೆ ಬಾಯಿ ಜಾಸ್ತಿ ತೆರೆಯಬೇಕು. ನನ್ನ ಹಾಸನದ ಕಿವಿಗೆ ತಿಂಗಳುಗಟ್ಟಲೆ ಎರಡೂ ಒಂದೇ ಆಗಿತ್ತು. ರೋಗಿ ತಪ್ಪು ಹೇಳಿದರೋ ಸರಿ ಹೇಳಿದರೋ ಅನ್ನುವುದು ಆ ಒಂದು ಸ್ವರದ ಮೇಲೆ ನಿಂತಿದೆ! ರೆಕಾರ್ಡಿಂಗ್‌ಗಳಲ್ಲಿ ಅದನ್ನು ಹಿಡಿದುಕೊಟ್ಟವಳು ಬಂಟ್ವಾಳದ ನನ್ನ ಜೂನಿಯರ್. ರಾತ್ರಿ ಹನ್ನೊಂದರವರೆಗೆ ಡಿಪಾರ್ಟ್‌ಮೆಂಟಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು, ಒಂದು ಚಿಕನ್ ರೋಲಿಗೆ.

2020ರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೊರೋನಾಕ್ಕೆ ತಲಪಾಡಿಯ ಕೇರಳ ಗಡಿ ಮುಚ್ಚಿತು, ಆಚೆಯ ಮಂಜೇಶ್ವರದಿಂದ ಬರುತ್ತಿದ್ದವರು ಅಲ್ಲೇ ಉಳಿದರು. ಆಮೇಲೆ ಮಾಸ್ಕ್ ಬಂತು. ತುಟಿ ನೋಡಿ ಕಲಿಯಬೇಕಾದವರ ಎದುರು ತುಟಿ ಮುಚ್ಚಿಕೊಂಡು ಕೂರುವ ಥೆರಪಿಸ್ಟ್! ಎಷ್ಟೋ ಜನ ಮತ್ತೆ ಬರಲೇ ಇಲ್ಲ. "ಮೊದಲು ಕೈಕಾಲು ಬರಲಿ, ಮಾತು ಆಮೇಲೆ ನೋಡೋಣ" ಅನ್ನುವ ಮಾತನ್ನು ಎಷ್ಟು ಫೋನ್‌ಗಳಲ್ಲಿ ಕೇಳಿದೆನೋ. ಅವರದ್ದು ತಪ್ಪು ಅನ್ನಲಾರೆ. ಆದರೆ ಆ ಆಮೇಲೆ ತುಂಬ ಮನೆಗಳಲ್ಲಿ ಬರುವುದಿಲ್ಲ.

ಬಂದವರಲ್ಲಿ ಒಬ್ಬರು ಹವ್ಯಾಸಿ ಭಾಗವತರು. 'ನೀರು' ಅನ್ನಲು ಬರುತ್ತಿರಲಿಲ್ಲ. ಅವರ ಹೆಂಡತಿ ಸ್ಟೀಲ್ ಟಿಫಿನ್ ಬಾಕ್ಸಿನ ಮೇಲೆ ತಾಳ ಹಾಕಿದರೆ ಮಾತ್ರ ಯಕ್ಷಗಾನದ ಪದ್ಯ ಇಡೀ ಹೊರಗೆ ಬರುತ್ತಿತ್ತು. ಇದು ಗೊತ್ತಿರುವ ಸಂಗತಿಯೇ. ರಾಗ ಹಿಡಿದು ಮಾತಿಗೆ ಇಳಿಸುವ ಒಂದು ಚಿಕಿತ್ಸೆಯನ್ನು 1973ರಲ್ಲೇ ಬಾಸ್ಟನ್ನಿನವರು ಬರೆದಿದ್ದಾರೆ. ಸೆಮಿನಾರ್‌ನಲ್ಲಿ ನಾನೇ ಅದರ ಬಗ್ಗೆ ಸ್ಲೈಡ್ ಹಾಕಿ ಮಾತಾಡಿದ್ದೆ. ಎದುರಿಗೆ ಕೇಳಿದಾಗ ಬರೆದುಕೊಳ್ಳುವುದೇ ಮರೆತುಹೋಯಿತು. ಹಾಡಿನಲ್ಲಿ ಬಂದ ಪದವನ್ನು ಮಾತಿಗೆ ತರುವುದು ಬೇರೆಯದೇ ಕಷ್ಟ. ವರ್ಷ ಹಿಡಿದು, 'ನೀರ್' ಬಂತು. ಅಮ್ಮಾ, ನಿಮ್ಮ ಟಿಫಿನ್ ಬಾಕ್ಸಿನ ಮುಚ್ಚಳ ನೆಗ್ಗಿದ್ದಕ್ಕೆ ಕ್ಷಮೆ ಇರಲಿ.

"ತುಳುವರಿಗೆ ಕನ್ನಡ ಬರುತ್ತಲ್ಲ, ಬೇರೆ ಪರೀಕ್ಷೆ ಯಾಕೆ?" ಅಂತ ಒಂದು ಮೀಟಿಂಗ್‌ನಲ್ಲಿ ಕೇಳಿದ ಹಿರಿಯರಿಗೂ ಥ್ಯಾಂಕ್ಸ್. ಎರಡನೇ ಅಧ್ಯಾಯವನ್ನು ಪೂರ್ತಿ ಸಿಟ್ಟಿನಲ್ಲೇ ಬರೆದು ಮುಗಿಸಿದೆ.

ಜೂನಿಯರ್‌ಗಳಿಗೆ: ಚಿತ್ರದ ಕಾರ್ಡ್‌ಗಳು ಬೀರುವಿನ ಎರಡನೇ ಅರೆಯಲ್ಲಿವೆ. ದೋಣಿಯ ಕಾರ್ಡ್ ಹೊಸದು. ಹಳೆಯದನ್ನು ಉಳ್ಳಾಲದ ಅಣ್ಣ ಒಪ್ಪಲಿಲ್ಲ. ಎರಡು ಸಲ ತಲೆಯಾಡಿಸಿ ಹಿಂದಕ್ಕೆ ತಳ್ಳಿದರು. ಕೆರೆಯಲ್ಲಿ ಓಡಾಡುವ ದೋಣಿಯಂತೆ ಅದು.

ವೈವಾ ಮುಗಿದ ಸಂಜೆ ಅಣ್ಣನಿಗೆ ಫೋನ್ ಮಾಡಿದೆ. ಅವರ ಬಗ್ಗೆ ಬರೆಯಲಾ ಅಂತ ಕೇಳಿದ್ದಕ್ಕೆ "ಹೆಸರು ಹಾಕಬೇಡ, ಪುಚ್ಚೆ ಹಾಕು" ಅಂತ ಅವರ ಹೆಂಡತಿ ಹೇಳಿದರು. ಆಮೇಲೆ ಅಣ್ಣ ಫೋನ್ ತೆಗೆದುಕೊಂಡರು. ತುಂಬ ಹೊತ್ತು ಉಸಿರಿನ ಸದ್ದು. ಕ್ಯೂ ಕೊಡಲು ಬಾಯಿ ತೆರೆದವಳು ತಡೆದುಕೊಂಡೆ. "ಬಲ" ಅಂದರು. ಬಾ ಅಂತ.

ಭಾನುವಾರ ಹೋಗುತ್ತಿದ್ದೇನೆ. ಬಂಗುಡೆ ಪುಳಿಮುಂಚಿ ಮಾಡುತ್ತಾರಂತೆ. ನಾನು ಮೀನು ತಿನ್ನುವುದಿಲ್ಲ ಅಂತ ಅವರಿಗೆ ಇನ್ನೂ ಹೇಳಿಲ್ಲ.