ಪ್ರಾಜೆಕ್ಟ್ ಮಕ್ಕಳ ಕೈಗೇ ಸಿಗಲಿ

ಮಾನ್ಯ ಸಂಪಾದಕರೇ,

ಶಾಲೆಯ ವಸ್ತುಪ್ರದರ್ಶನದಲ್ಲಿ ಅಚ್ಚುಕಟ್ಟಾದ ಜ್ವಾಲಾಮುಖಿಯ ಮಾದರಿಯ ಹಿಂದೆ ನಿಂತ ಹುಡುಗನನ್ನು ‘ಇದಕ್ಕೆ ಏನೇನು ಹಾಕಿದೆಯಪ್ಪಾ?’ ಎಂದು ಕೇಳಿದೆ. ಅವನು ಅಪ್ಪನ ಮುಖ ನೋಡಿದ. ಬಹುಮಾನ ಆ ಮಾದರಿಗೇ ಬಂತು. ಕೈಯಾರೆ ಮಾಡಿ ಕಲಿಯುವುದು ಎಂದು ನಾವು ಕರೆಯುವುದರಲ್ಲಿ ಮಕ್ಕಳ ಕೈ ಎಷ್ಟಿದೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲೇ 10 ಜೀವನ ಕೌಶಲಗಳನ್ನು ಪಟ್ಟಿ ಮಾಡಿತು. ನಿರ್ಧಾರ ಕೈಗೊಳ್ಳುವುದು, ಸಮಸ್ಯೆ ಬಿಡಿಸುವುದು, ಇನ್ನೊಬ್ಬರ ನೋವನ್ನು ಅರಿಯುವುದು, ಒತ್ತಡ ನಿಭಾಯಿಸುವುದು ಎಲ್ಲ ಅದರಲ್ಲಿವೆ. ಅವುಗಳ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ ಪೂರ್ತಿ ಅಂಕ ತೆಗೆದ ಮಗುವೇ ಗುಂಪಿನಲ್ಲಿ ಸಣ್ಣ ಜಗಳವಾದರೂ ‘ಟೀಚರ್, ನೋಡಿ ಇವಳು’ ಎಂದು ಓಡಿಬರುತ್ತದೆ.

ಒಂದು ವರ್ಷ ತರಗತಿಯ ಗ್ರಂಥಾಲಯವನ್ನು ಏಳನೇ ತರಗತಿಯ ಮಕ್ಕಳಿಗೇ ವಹಿಸಿದೆ. ಮೊದಲ ತಿಂಗಳಲ್ಲೇ ರಿಜಿಸ್ಟರ್ ಅಸ್ತವ್ಯಸ್ತ, 3 ಪುಸ್ತಕ ನಾಪತ್ತೆ, ಇಬ್ಬರು ಗೆಳತಿಯರ ನಡುವೆ ಮಾತಿಲ್ಲ. ರಿಜಿಸ್ಟರನ್ನು ವಾಪಸ್ ಕಿತ್ತುಕೊಳ್ಳಬೇಕೆಂದು ನನಗೆ ಎಷ್ಟು ಸಲ ಅನ್ನಿಸಿತೋ! ತಡೆದುಕೊಂಡೆ. ಮಕ್ಕಳೇ ಸಭೆ ಕೂಡಿದರು. ತಡ ಮಾಡಿದವರಿಗೆ ದಂಡ ಹಾಕೋಣ ಎಂದ ಒಬ್ಬ. ‘ಹುಷಾರಿಲ್ಲದೆ ರಜೆ ಹಾಕಿದವರಿಗೂ ದಂಡವಾ?’ ಎಂದು ಇನ್ನೊಬ್ಬ ಕೇಳಿದ, ದಂಡದ ಮಾತು ಅಲ್ಲಿಗೇ ನಿಂತಿತು. ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿ, ಪುಸ್ತಕ ಕೊಡುವವರು ಬೇರೆ, ಬರೆದುಕೊಳ್ಳುವವರು ಬೇರೆ ಇರಲಿ ಎಂದಳು. ಮುಂದೆ ಒಂದೇ ಒಂದು ಪುಸ್ತಕ ಕಳೆಯಿತು. ಆ ಅರ್ಧ ಗಂಟೆಯಲ್ಲಿ ಅವರು ಕಲಿತದ್ದನ್ನು ನಾನು ಒಂದು ವರ್ಷ ಪಾಠ ಮಾಡಿದ್ದರೂ ಕಲಿಸಲಾಗುತ್ತಿರಲಿಲ್ಲ.

ಸುಮ್ಮನಿರುವುದು ನಮಗೆ ನಿಜಕ್ಕೂ ಕಷ್ಟ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಸುಮಾರು 1 ಸೆಕೆಂಡು ಮಾತ್ರ ಕಾಯುತ್ತಾರೆಂದೂ, 3 ಸೆಕೆಂಡು ಕಾದರೆ ಮಕ್ಕಳ ಉತ್ತರಗಳು ಉದ್ದವಾಗಿ, ಹೆಚ್ಚು ಮಕ್ಕಳು ತಾವಾಗಿ ಮಾತಾಡುತ್ತಾರೆಂದೂ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿಕೊಟ್ಟಿದ್ದರು.

ಬಿಟ್ಟುಕೊಡುವುದೆಂದರೆ ಕೈತೊಳೆದುಕೊಳ್ಳುವುದಲ್ಲ. ಬೆಂಕಿ, ವಿದ್ಯುತ್, ಹರಿತವಾದ ಸಲಕರಣೆ ಇರುವಲ್ಲಿ ದೊಡ್ಡವರು ಪಕ್ಕದಲ್ಲೇ ಇರಬೇಕು. ಜೋರು ಬಾಯಿಯವರೇ ಗುಂಪನ್ನು ಆಳದಂತೆ, ಎಲ್ಲ ಜವಾಬ್ದಾರಿಗಳೂ ಸರದಿಯ ಮೇಲೆ ಬರುವಂತೆ ನೋಡಿಕೊಳ್ಳಬೇಕು. ಪಠ್ಯ ಮುಗಿಸುವ ಧಾವಂತದಲ್ಲಿರುವ ಶಿಕ್ಷಕರಿಗೆ ಇದಕ್ಕೆಲ್ಲ ವೇಳಾಪಟ್ಟಿಯಲ್ಲೇ ಸಮಯ ಸಿಗಬೇಕು. ಬಿಡುವಿನಲ್ಲಿ ಮಾಡಿ ಎಂದರೆ ಆಗದು.

ಶಾಲೆಗಳಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರಾಜೆಕ್ಟಿನ ಅರ್ಧ ಅಂಕಗಳನ್ನು ‘ಎಲ್ಲಿ ತಪ್ಪಿತು, ಆಮೇಲೆ ಏನು ಬದಲಾಯಿಸಿದೆ’ ಎಂದು ಮಗು ಸ್ವಂತ ಮಾತಿನಲ್ಲಿ ಹೇಳುವುದಕ್ಕೆ ಇಡಿ. ಹೆತ್ತವರೇ, ನಿಮ್ಮ ಮಗು ಮಾಡಿದ ಮಾದರಿ ಒಂದು ಕಡೆ ವಾಲಿದ್ದರೆ ರಾತ್ರೋರಾತ್ರಿ ಎದ್ದು ಸರಿಮಾಡಬೇಡಿ. ವಾಲಿದ್ದನ್ನೇ ಕಳಿಸಿಕೊಡಿ.

ಇಂತಿ,
ಒಬ್ಬ ಶಿಕ್ಷಕಿ