ಫೋಟೋ ಕ್ರಾಪ್ ಪ್ಲಗಿನ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ಸದಸ್ಯರ ಪ್ರೊಫೈಲ್ ಫೋಟೋ ಕತ್ತರಿಸೋಕೆ ನಮ್ಮ ಸೈಟಿಗೆ ಕ್ರಾಪರ್.ಜೆಎಸ್ (ಬ್ರೌಸರಿನಲ್ಲೇ ಫೋಟೋ ಕತ್ತರಿಸುವ ಜಾವಾಸ್ಕ್ರಿಪ್ಟ್ ಪ್ಲಗಿನ್) ಹಾಕೋಣ ಅಂತ ನನ್ನ ಅಭಿಪ್ರಾಯ. ಎಂಐಟಿ ಅನ್ನೋ ಮುಕ್ತ ಲೈಸೆನ್ಸ್ ಇದೆ, ದುಡ್ಡು ಕೊಡಬೇಕಿಲ್ಲ. ಜೆಕ್ವೆರಿ ಅನ್ನೋ ಇನ್ನೊಂದು ಜಾವಾಸ್ಕ್ರಿಪ್ಟ್ ಲೈಬ್ರರಿಯೂ ಬೇಡ. ಫೋನಿನಲ್ಲಿ ಬೆರಳಿಂದಲೇ ಎಳೆದು, ಹಿಗ್ಗಿಸಿ ಕತ್ತರಿಸಬಹುದು. ಚೌಕ ಬೇಕಾದರೆ ಆಸ್ಪೆಕ್ಟ್ ರೇಶಿಯೋ (ಅಗಲ-ಎತ್ತರದ ಅನುಪಾತ) 1 ಅಂತ ಕೊಟ್ಟರೆ ಸಾಕು.

ಒಂದು ಎಚ್ಚರ: 1ನೇ ಆವೃತ್ತಿಗೂ 2ಕ್ಕೂ ಕೋಡ್ ಬರೆಯುವ ರೀತಿಯೇ ಬೇರೆ. ಹಳೆಯ ಉದಾಹರಣೆಯನ್ನು ಸುಮ್ನೆ ಕಾಪಿ ಮಾಡಿದರೆ ಓಡುವುದಿಲ್ಲ. ಇನ್ನು ಐಫೋನಿನ ಸಫಾರಿಯಲ್ಲಿ ಕ್ಯಾನ್ವಾಸ್ (ಬ್ರೌಸರ್ ಚಿತ್ರ ಬಿಡಿಸುವ ಜಾಗ) ತೀರಾ ದೊಡ್ಡದಾದರೆ ಖಾಲಿ ಚಿತ್ರ ಬರಬಹುದು. ಹಾಗಾಗಿ ಕತ್ತರಿಸಿದ್ದನ್ನು 400 ಪಿಕ್ಸೆಲ್‌ಗೆ ಇಳಿಸಿಯೇ ಕಳಿಸೋಣ. ಸರ್ವರಿನಲ್ಲೂ ಫೈಲಿನ ಬಗೆ, ಗಾತ್ರ ನೋಡಲೇಬೇಕು. ಬ್ರೌಸರ್ ನಂಬಿ ಕೂರೋಕಾಗಲ್ಲ, ಅಲ್ವಾ?

ಇದರ ಬದಲು ಕ್ರಾಪಿ ಅನ್ನೋ ಇನ್ನೊಂದು ಪ್ಲಗಿನ್ನೇ ಬೇಕು ಅನ್ನುವವರು ಶುಕ್ರವಾರದೊಳಗೆ ಇಲ್ಲೇ ಹೇಳಿಬಿಡಿ.